ಕಾರಿನಲ್ಲಿ ಸ್ವಂತ ಕಂಪ್ಯೂಟರ್, ಹಿಂದೆ ಕ್ಯಾಮೆರಾ: ಪದೇ ಪದೇ ಕೇಳುವ ಪ್ರಶ್ನೆಗಳು

ಪುಣೆ, ಮುಂಬೈ, ಗೋವಾದಲ್ಲಿರುವ ನಮ್ಮ ಕನ್ನಡದವರು ಫೋನಿನಲ್ಲಿ, ಪತ್ರಗಳಲ್ಲಿ, ಸಂಘದ ಕಾರ್ಯಕ್ರಮ ಮುಗಿದ ಮೇಲೆ ಪಾರ್ಕಿಂಗಿನಲ್ಲಿ ನಿಂತು ಕೇಳಿದ ಪ್ರಶ್ನೆಗಳಿವು. ಅವರು ಕೇಳಿದ ಮಾತಿನಲ್ಲೇ ಇಟ್ಟಿದ್ದೇನೆ. ಎಲ್ಲಕ್ಕೂ ಮೊದಲು ನನ್ನ ನಿಲುವು ಹೇಳಿಬಿಡುತ್ತೇನೆ, ಮುಂದಿನ ಉತ್ತರಗಳೆಲ್ಲ ಅದರ ಮೇಲೆಯೇ ನಿಂತಿವೆ. ಕಂಪ್ಯೂಟರ್ ಮತ್ತು ಕ್ಯಾಮೆರಾ ಒಂದೇ ಪರದೆಯಲ್ಲಿ ಕಾಣಿಸಲಿ, ಆದರೆ ಕ್ಯಾಮೆರಾ ಕಂಪ್ಯೂಟರನ್ನು ನಂಬಿಕೊಂಡಿರಬಾರದು.

## ಶುರು ಮಾಡುವ ಮುಂಚೆ

ಅಂಗಡಿಯಲ್ಲಿ ರೆಡಿಮೇಡ್ ಆಂಡ್ರಾಯ್ಡ್ ಸ್ಟೀರಿಯೋ ಸಿಗುತ್ತಲ್ಲ, ನಾವೇ ಕಂಪ್ಯೂಟರ್ ಕೂಡಿಸುವ ತಲೆನೋವು ಯಾಕೆ?

ಹಾಡು ಕೇಳಬೇಕು, ಹಿಂದೆ ಏನಿದೆ ಅಂತ ನೋಡಬೇಕು, ಅಷ್ಟೇ ಅಂದರೆ ರೆಡಿಮೇಡ್ ಸೆಟ್ ತೊಗೊಳ್ಳಿ. ಅದರಲ್ಲಿ ತಪ್ಪೇನಿಲ್ಲ.

ಸ್ವಂತ ಕಂಪ್ಯೂಟರ್ ಬೇಕಾಗುವುದು ಬೇರೆ ಕಾರಣಕ್ಕೆ. ಎಂಜಿನ್ನಿನ ಬಿಸಿ, ಬ್ಯಾಟರಿಯ ವೋಲ್ಟೇಜು ದಿನದಿನಕ್ಕೆ ದಾಖಲಾಗಬೇಕು. ನೆಟ್ ಇಲ್ಲದ ಕಡೆಯೂ ನಕ್ಷೆ ನಡೆಯಬೇಕು. ಮನೆಯಲ್ಲಿ ಕೂಡಿಟ್ಟ ಯಕ್ಷಗಾನ, ಭಾವಗೀತೆಗಳ ಫೈಲುಗಳು ನಮಗೆ ಬೇಕಾದ ಕ್ರಮದಲ್ಲಿ ಸಿಗಬೇಕು. ಐದು ವರ್ಷ ಆದ ಮೇಲೂ ಸಾಫ್ಟ್‌ವೇರ್ ಬದಲಿಸುವ ಸ್ವಾತಂತ್ರ್ಯ ಇರಬೇಕು. ಕಡಿಮೆ ಬೆಲೆಯ ರೆಡಿಮೇಡ್ ಸೆಟ್‌ಗಳಿಗೆ ಸಾಮಾನ್ಯವಾಗಿ ಅಪ್‌ಡೇಟ್ ಬರುವುದಿಲ್ಲ, ಕೊಂಡ ದಿನ ಹೇಗಿತ್ತೋ ಹಾಗೇ ಹಳೆಯದಾಗುತ್ತವೆ. ಇಂಥ ಆಸೆಗಳು ನಿಮಗಿದ್ದರೆ ಮಾತ್ರ ಈ ಕೆಲಸಕ್ಕೆ ಕೈ ಹಾಕಿ.

ನಮ್ಮ ಕಾರು ಹಳೇದು ಐತ್ರಿ. ಅದಕ್ಕ ಕ್ಯಾಮೆರಾ ಕೂಡ್ತದೇನು?

ಧಾರಾಳವಾಗಿ ಕೂಡುತ್ತದೆ. 12 ವೋಲ್ಟಿನ ಬ್ಯಾಟರಿ ಮತ್ತು ಹಿಂದೆ ಉರಿಯುವ ರಿವರ್ಸ್ ಲೈಟು ಇದ್ದರೆ ಸಾಕು. ನಮ್ಮ ದೇಶದಲ್ಲಿ 2019ರ ಜುಲೈ 1ರಿಂದ ಹೊಸ ಕಾರುಗಳಿಗೆ ರಿವರ್ಸ್ ಸೆನ್ಸರ್ ಕಡ್ಡಾಯವಾಯಿತು. ಅದಕ್ಕಿಂತ ಹಳೆಯ ಎಷ್ಟೋ ಗಾಡಿಗಳಲ್ಲಿ ಸೆನ್ಸರೂ ಇಲ್ಲ, ಕ್ಯಾಮೆರಾನೂ ಇಲ್ಲ. ಅಂಥ ಗಾಡಿಗೇ ಇದರ ಅಗತ್ಯ ಜಾಸ್ತಿ.

ಸೆನ್ಸರ್ ಇದ್ದರೂ ಕ್ಯಾಮೆರಾ ದಂಡವಲ್ಲ. ಸೆನ್ಸರ್ ದೂರ ಹೇಳುತ್ತದೆ, ಏನಿದೆ ಅಂತ ಹೇಳುವುದಿಲ್ಲ. ತೆಳ್ಳಗಿನ ಕಬ್ಬಿಣದ ಸರಳು, ಬಂಪರಿಗಿಂತ ಕೆಳಗಿರುವ ಕಲ್ಲು ಅದಕ್ಕೆ ತಪ್ಪಿಹೋಗಬಹುದು. ಎರಡೂ ಇರಲಿ. ಟೆಂಪೋ, ಲಾರಿ ಇದ್ದವರು ಮಾತ್ರ ಮೊದಲು ವೋಲ್ಟೇಜ್ ನೋಡಿಕೊಳ್ಳಿ. ದೊಡ್ಡ ಗಾಡಿಗಳಲ್ಲಿ 24 ವೋಲ್ಟ್ ಇರುತ್ತದೆ.

ಸಾಮಾನು ಎಲ್ಲಿ ತರೋದು?

ಮುಂಬೈಯವರಿಗೆ ಗ್ರಾಂಟ್ ರೋಡ್ ಸ್ಟೇಷನ್ ಹತ್ತಿರದ ಲ್ಯಾಮಿಂಗ್ಟನ್ ರೋಡ್. ಪುಣೆಯವರಿಗೆ ಬುಧವಾರ ಪೇಠೆಯ ತಾಪ್ಕೀರ್ ಗಲ್ಲಿ. ಗಾಡಿಯ ಬಿಡಿಭಾಗಗಳಿಗೆ ಪುಣೆಯ ನಾನಾ ಪೇಠೆ. ಗೋವಾದ ಗೆಳೆಯರು ಹೆಚ್ಚಾಗಿ ಆನ್‌ಲೈನಿನಲ್ಲಿ ತರಿಸುತ್ತಾರೆ, ಇಲ್ಲವೇ ಬೆಳಗಾವಿ ಕಡೆ ಹೋದಾಗ ತರುತ್ತಾರೆ.

ಅಂಗಡಿಯಲ್ಲಿ ಒಂದು ಮಾತು ಮರೆಯಬೇಡಿ: ‘ಕಪ್ಲರ್ ಟು ಕಪ್ಲರ್’ ಬೇಕು ಅನ್ನಿ. ಅಂದರೆ ಕಾರಿನ ಮೂಲ ವೈರ್ ಕತ್ತರಿಸದೆ, ನಿಮ್ಮ ಮಾಡೆಲ್ಲಿಗೆ ಹೊಂದುವ ಸಾಕೆಟ್ ಸಿಕ್ಕಿಸಿ ಮಾಡುವ ಫಿಟ್ಟಿಂಗ್. ಸ್ವಲ್ಪ ದುಡ್ಡು ಜಾಸ್ತಿ ಆಗುತ್ತದೆ. ಕೊಡಿ.

ಪೊಲೀಸರು ಹಿಡಿಯಲ್ವಾ? ವಾರಂಟಿ, ಇನ್ಶೂರೆನ್ಸ್ ಕಥೆ ಏನು?

ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುವುದು ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಕೊಟ್ಟಿದ್ದಕ್ಕೆ ತಾಳೆಯಾಗದಂತೆ ಮಾಡುವ ಬದಲಾವಣೆಯನ್ನು. ಕ್ಯಾಮೆರಾ, ಪರದೆ ಆ ಸಾಲಿಗೆ ಬರುವುದಿಲ್ಲ. ಆದರೆ ಓಡಿಸುವವರ ಕಣ್ಣೆದುರು ಸಿನಿಮಾ ಓಡುವುದು ಯಾವ ರೀತಿಯಲ್ಲೂ ಸರಿಯಲ್ಲ. ಗಾಡಿ ಚಲಿಸುವಾಗ ವಿಡಿಯೋ ಬರದಂತೆ ಸಾಫ್ಟ್‌ವೇರಿನಲ್ಲೇ ಮುಚ್ಚಿಬಿಡಿ.

ವಾರಂಟಿಗೆ ಕುತ್ತು ಬರುವುದು ವೈರ್ ಕತ್ತರಿಸಿದಾಗ. ಎಲೆಕ್ಟ್ರಿಕಲ್ ದೂರು ತೊಗೊಂಡು ಹೋದರೆ ಸರ್ವಿಸ್ ಸೆಂಟರಿನವರು ಮೊದಲು ನೋಡುವುದೇ ಅದನ್ನು. ವಿಮೆಯಲ್ಲಿ ಇಂಥ ಸಾಮಾನಿಗೆ ಐಎಂಟಿ 24 ಅನ್ನುವ ಪ್ರತ್ಯೇಕ ಷರತ್ತಿದೆ. ಸಾಮಾನಿನ ಬೆಲೆ ಹೇಳಿ, ಸಾಮಾನ್ಯವಾಗಿ ಅದರ 4% ಹೆಚ್ಚಿನ ಪ್ರೀಮಿಯಂ ಕಟ್ಟಿದರೆ ಅದೂ ವಿಮೆಯೊಳಗೆ ಬರುತ್ತದೆ. ಬಿಲ್ಲುಗಳನ್ನು ಜೋಪಾನವಾಗಿಡಿ.

## ಕ್ಯಾಮೆರಾ

ಯಾವ ಕ್ಯಾಮೆರಾ ತೊಗೊಳ್ಳಲಿ? ಡಬ್ಬಿ ಮೇಲೆ ಎಲ್ಲದಕ್ಕೂ ಎಚ್‌ಡಿ ಅಂತಲೇ ಬರೆದಿರ್ತಾರೆ.

ಡಬ್ಬಿ ಬಿಡಿ, ಸಿಗ್ನಲ್ ಯಾವುದು ಅಂತ ಕೇಳಿ. ಹಳೇ ಅನಲಾಗ್ ಕ್ಯಾಮೆರಾಗಳು ಸಿವಿಬಿಎಸ್ ಸಿಗ್ನಲ್ ಕೊಡುತ್ತವೆ, ನಮ್ಮ ಹಳೇ ಟಿವಿಗಳಿಗೆ ಬರುತ್ತಿದ್ದಂಥದ್ದು. ಹೊಸವು ಎಎಚ್‌ಡಿ, 720 ಅಥವಾ 1080 ಗೆರೆಗಳ ಚಿತ್ರ. ಎರಡಕ್ಕೂ ಹಳದಿ ತುದಿಯ ಒಂದೇ ಥರದ ಕೇಬಲ್ ಇರುವುದರಿಂದ ಮೋಸ ಹೋಗುವವರು ಜಾಸ್ತಿ. ಪರದೆಗೆ ಎಎಚ್‌ಡಿ ಗೊತ್ತಿಲ್ಲದಿದ್ದರೆ ಚಿತ್ರವೇ ಸರಿಯಾಗಿ ಬರುವುದಿಲ್ಲ. ಆದ್ದರಿಂದ ಮೊದಲು ಪರದೆ ಗೊತ್ತು ಮಾಡಿ, ಆಮೇಲೆ ಕ್ಯಾಮೆರಾ.

ನೀರಿನ ರಕ್ಷಣೆ ಐಪಿ67 ಆದರೂ ಇರಬೇಕು. ಧೂಳು ಒಳಗೆ ಹೋಗಬಾರದು, 1 ಮೀಟರ್ ನೀರಿನಲ್ಲಿ 30 ನಿಮಿಷ ಮುಳುಗಿದರೂ ತಡೆಯಬೇಕು ಅನ್ನುವುದು ಅದರ ಅರ್ಥ. ಕೊಂಕಣದ ಮಳೆಗೆ ಇದಕ್ಕಿಂತ ಕಡಿಮೆ ಸಾಲದು. ಆದರೆ ಪ್ರೆಷರ್ ಪಂಪಿನ ನೀರಿಗೆ ಇದು ಖಾತರಿ ಕೊಡುವುದಿಲ್ಲ. ವಾಷಿಂಗಿಗೆ ಬಿಟ್ಟಾಗ ಕ್ಯಾಮೆರಾ ಮೇಲೆ ನೇರವಾಗಿ ಪೈಪ್ ಹಿಡಿಯಬೇಡಿ ಅಂತ ಹೇಳಿ.

ನೋಟದ ಅಗಲ 170 ಡಿಗ್ರಿ ಅಂತ ಬರೆದಿದ್ದಕ್ಕೆ ಮರುಳಾಗಬೇಡಿ. ಅಗಲ ಹೆಚ್ಚಿದಷ್ಟೂ ಹಿಂದಿರುವ ವಸ್ತು ಚಿಕ್ಕದಾಗಿ, ದೂರ ಇದ್ದಂತೆ ಕಾಣುತ್ತದೆ. 120ರಿಂದ 140 ಡಿಗ್ರಿ ನನಗೆ ಹಿಡಿಸಿದೆ.

ವೈರ್‌ಲೆಸ್ ಕ್ಯಾಮೆರಾ ಹಾಕಿದ್ರೆ ವೈರ್ ಎಳೆಯೋ ಗೋಜೇ ಇರಲ್ಲ ಅಲ್ವಾ?

ಇರುತ್ತದೆ. ಕ್ಯಾಮೆರಾಕ್ಕೆ ಕರೆಂಟಿನ ವೈರ್ ಬೇಕೇ ಬೇಕು. ಉಳಿಯುವುದು ಚಿತ್ರದ ಕೇಬಲ್ ಒಂದೇ. ಅದಕ್ಕಾಗಿ ವೈಫೈಗಳು ಕಿಕ್ಕಿರಿದ ಸೊಸೈಟಿಯ ಪಾರ್ಕಿಂಗಿನಲ್ಲಿ ಚಿತ್ರ ಕಡಿದು ಕಡಿದು ಬರುವುದನ್ನು ಒಪ್ಪಿಕೊಳ್ಳಬೇಕು. ಬೇಡ.

ನಂಬರ್ ಪ್ಲೇಟಿಗೇ ಕೂಡಿಸೋ ಕ್ಯಾಮೆರಾ ಸಿಗ್ತದೆ, ಹಾಕಬಹುದಾ?

ಹೈ ಸೆಕ್ಯುರಿಟಿ ಪ್ಲೇಟನ್ನು ಬಿಚ್ಚಿ ಮತ್ತೆ ಹಾಕಲು ಬರುವುದಿಲ್ಲ. ಅದರ ಸ್ನ್ಯಾಪ್ ಲಾಕ್ ಒಂದೇ ಸಲದ್ದು. ಪ್ಲೇಟಿಗೆ ತೂತು ಹಾಕುವುದು, ಅಕ್ಷರ ಮುಚ್ಚುವುದು ತಪ್ಪು. ಹಾಗಾಗಿ ಪ್ಲೇಟಿನ ಮೇಲೆ ಲೈಟು ಇರುವ ಜಾಗದ ಪಕ್ಕದಲ್ಲಿ, ಡಿಕ್ಕಿಯ ಹಿಡಿಕೆಯ ಅಂಚಿನಡಿ ಕೂಡಿಸಿ. ಮಧ್ಯಕ್ಕೆ ಬಂದರೆ ಚೆನ್ನ, ಸ್ವಲ್ಪ ಪಕ್ಕಕ್ಕಿದ್ದರೂ ನಡೆಯುತ್ತದೆ.

ತೂತು ಕೊರೆಯಲೇಬೇಕಾದರೆ ಪ್ಲಾಸ್ಟಿಕ್ ಭಾಗದಲ್ಲಿ ಕೊರೆಯಿರಿ. ತಗಡಿನಲ್ಲಿ ಕೊರೆದರೆ ಅಂಚಿಗೆ ಆಗಲೇ ಪ್ರೈಮರ್ ಹಚ್ಚಿ, ರಬ್ಬರ್ ಬುಷ್ ಕೂಡಿಸಿ. ಮುಂಬೈ, ಗೋವಾದ ಉಪ್ಪು ಗಾಳಿಗೆ ಬರಿ ತಗಡು ಒಂದು ಮಳೆಗಾಲವೂ ತಡೆಯುವುದಿಲ್ಲ.

ಕೋನ ಸರಿಮಾಡುವಾಗ ಚಿತ್ರದ ಕೆಳಗಿನ ಅಂಚಿನಲ್ಲಿ ನಿಮ್ಮ ಬಂಪರ್ ಒಂದು ಎಳೆಯಷ್ಟು ಕಾಣುತ್ತಿರಲಿ. ಬಂಪರ್ ಕಾಣದಿದ್ದರೆ ಹಿಂದಿನ ಗೋಡೆಗೆ ಎಷ್ಟು ಜಾಗ ಉಳಿದಿದೆ ಅಂತ ಕಣ್ಣಿಗೆ ಅಂದಾಜು ಸಿಗುವುದಿಲ್ಲ.

ವೈರ್ ಒಳಗಿಂದ ಎಳೆಯೋದು ಹೇಗೆ?

ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಕೆಲವು ನಿಮಿಷ ಬಿಡಿ. ಆಮೇಲೆ ದಾರಿ ಹೀಗೆ: ಡಿಕ್ಕಿ ಬಾಗಿಲಿನ ಒಳಮುಚ್ಚಳ, ಅಲ್ಲಿಂದ ಬಾಗಿಲಿಗೂ ಬಾಡಿಗೂ ನಡುವೆ ಇರುವ ರಬ್ಬರ್ ಕೊಳವೆ, ಅಲ್ಲಿಂದ ಪಕ್ಕದ ಬದಿಗೆ ಇಳಿದು ಬಾಗಿಲುಗಳ ಹೊಸ್ತಿಲಿನ ಪ್ಲಾಸ್ಟಿಕ್ ಪಟ್ಟಿಯ ಕೆಳಗೆ, ಕೊನೆಗೆ ಡ್ಯಾಶ್‌ಬೋರ್ಡ್. ಆ ರಬ್ಬರ್ ಕೊಳವೆಯೊಳಗೆ ವೈರ್ ತೂರಿಸುವುದೇ ಬೇಸರದ ಕೆಲಸ. ಗಟ್ಟಿ ತಂತಿಗೆ ವೈರ್ ಕಟ್ಟಿ, ಸ್ವಲ್ಪ ಸೋಪಿನ ನೀರು ಸವರಿ ಎಳೆಯಿರಿ. ಇದನ್ನು ತಪ್ಪಿಸಿ ಬಾಗಿಲಿನ ಸಂದಿಯಿಂದ ಎಳೆದರೆ ಪ್ರತಿ ಸಲ ಡಿಕ್ಕಿ ಮುಚ್ಚಿದಾಗ ವೈರ್ ಜಜ್ಜುತ್ತದೆ, ಮಳೆ ನೀರೂ ಅದೇ ದಾರಿಯಲ್ಲಿ ಒಳಗೆ ಬರುತ್ತದೆ.

ಹ್ಯಾಚ್‌ಬ್ಯಾಕಿಗೆ ಸಾಮಾನ್ಯವಾಗಿ 6 ಮೀಟರ್ ಕೇಬಲ್ ಸಾಕು. ಮೂರು ಸಾಲಿನ ಗಾಡಿಗೆ ಅಳೆದು ತನ್ನಿ.

ಒಂದು ಎಚ್ಚರಿಕೆ, ಇದನ್ನು ದಯವಿಟ್ಟು ಹಗುರವಾಗಿ ತೊಗೊಳ್ಳಬೇಡಿ. ಹಳದಿ ಬಣ್ಣದ ಕಪ್ಲರ್ ಅಂದರೆ ಏರ್‌ಬ್ಯಾಗಿನದ್ದು. ಅದನ್ನು ಬಿಚ್ಚಬಾರದು, ಮಲ್ಟಿಮೀಟರ್ (ವೋಲ್ಟೇಜ್ ಅಳೆಯುವ ಯಂತ್ರ) ತಾಗಿಸಬಾರದು. ಕಿಟಕಿ ಮೇಲ್ಗಡೆ ಏರ್‌ಬ್ಯಾಗ್ ಇರುವ ಕಾರಿನಲ್ಲಿ ಕಂಬಗಳ ಒಳಗೆ ಅದರ ಎದುರಿಗೆ ವೈರ್ ಹಾಯಿಸಬಾರದು. ಹೊಸ್ತಿಲಿನ ದಾರಿಯೇ ಕ್ಷೇಮ.

ಕ್ಯಾಮೆರಾಕ್ಕೆ ಕರೆಂಟ್ ಎಲ್ಲಿಂದ?

ರಿವರ್ಸ್ ಲೈಟಿನ ವೈರಿನಿಂದ. ಹುಡುಕುವಷ್ಟು ಹೊತ್ತು ಬ್ಯಾಟರಿ ಮತ್ತೆ ಜೋಡಿಸಿ. ಕೀ ಆನ್ ಮಾಡಿ, ಎಂಜಿನ್ ಆಫ್ ಇರಲಿ, ಹ್ಯಾಂಡ್‌ಬ್ರೇಕ್ ಎಳೆದು ರಿವರ್ಸ್ ಗೇರ್ ಹಾಕಿ. ಮಲ್ಟಿಮೀಟರಿನಲ್ಲಿ 12 ವೋಲ್ಟ್ ತೋರಿಸುವ ವೈರ್ ಅದು. ಗೇರ್ ತೆಗೆದಾಗ ಸೊನ್ನೆ ಆಗಬೇಕು. ವೈರ್ ಸಿಕ್ಕ ಮೇಲೆ ನೆಗೆಟಿವ್ ಮತ್ತೆ ಬಿಚ್ಚಿ ಜೋಡಿಸಿ. ಕ್ಯಾಮೆರಾದ ಕೆಂಪು ಇದಕ್ಕೆ, ಕಪ್ಪು ಬಾಡಿಯ ಅರ್ತಿಗೆ. ಅರ್ತ್ ಕೊಡುವ ಬೋಲ್ಟಿನ ಸುತ್ತ ಬಣ್ಣ ಕೆರೆದು, ಬಿಗಿಮಾಡಿ, ಮೇಲೆ ವ್ಯಾಸಲಿನ್ ಹಚ್ಚಿ.

ವಿಡಿಯೋ ಕೇಬಲ್ಲಿನ ಎರಡೂ ತುದಿಯಲ್ಲಿ ಒಂದು ತೆಳ್ಳಗಿನ ಕೆಂಪು ವೈರ್ ಹೊರಗೆ ಬಂದಿರುತ್ತದೆ. ಬಹಳ ಜನ ಅದನ್ನು ಕತ್ತರಿಸಿ ಬಿಸಾಡುತ್ತಾರೆ. ಹಿಂದಿನ ತುದಿ ರಿವರ್ಸ್ ಲೈಟಿಗೆ, ಮುಂದಿನ ತುದಿ ಪರದೆಯ ‘ರಿವರ್ಸ್’ ಅಥವಾ ‘ಬ್ಯಾಕ್’ ವೈರಿಗೆ. ಗೇರ್ ಬಿದ್ದ ಕೂಡಲೇ ಪರದೆಗೆ ಸುದ್ದಿ ಮುಟ್ಟಿಸುವುದು ಇದೇ.

ಎಡಗಡೆ ಇರೋದು ಬಲಗಡೆ ಕಾಣ್ತಿದೆ, ಹಳದಿ ಗೆರೆಗಳೂ ತಪ್ಪು. ಕ್ಯಾಮೆರಾ ಕೆಟ್ಟಿದೆಯಾ?

ಕೆಟ್ಟಿಲ್ಲ. ಬಹಳಷ್ಟು ಕ್ಯಾಮೆರಾಗಳ ಬಾಲದಲ್ಲಿ ಎರಡು ಪುಟ್ಟ ವೈರ್ ಕುಣಿಕೆಗಳಿರುತ್ತವೆ. ಒಂದನ್ನು ಕತ್ತರಿಸಿದರೆ ಚಿತ್ರ ಎಡಬಲ ಮಗುಚುತ್ತದೆ, ಇನ್ನೊಂದನ್ನು ಕತ್ತರಿಸಿದರೆ ಗೆರೆಗಳು ಹೋಗುತ್ತವೆ. ಯಾವುದು ಯಾವುದಕ್ಕೆ ಅಂತ ಜೊತೆಗೆ ಬಂದ ಚೀಟಿಯಲ್ಲಿ ನೋಡಿ.

ಕ್ಯಾಮೆರಾದ ಗೆರೆಗಳು ನಿಮ್ಮ ಕಾರಿನ ಅಳತೆಗೆ ಹೊಂದಿದವಲ್ಲ. ನೆಲದ ಮೇಲೆ ಬಂಪರಿನಿಂದ ಅರ್ಧ ಮೀಟರ್, 1 ಮೀಟರ್, 2 ಮೀಟರಿಗೆ ಚಾಕ್‌ಪೀಸಿನಲ್ಲಿ ಗೆರೆ ಎಳೆಯಿರಿ. ಪರದೆಯಲ್ಲಿ ಅವು ಎಲ್ಲಿ ಕಾಣುತ್ತವೆ ಅಂತ ಮನಸ್ಸಿನಲ್ಲಿ ಹಿಡಿದುಕೊಳ್ಳಿ. ಮನೆಯಲ್ಲಿ ಯಾರೆಲ್ಲ ಓಡಿಸುತ್ತಾರೋ ಅವರಿಗೂ ತೋರಿಸಿ.

## ಕಂಪ್ಯೂಟರ್

ಯಾವ ಕಂಪ್ಯೂಟರ್ ಸರಿ? ಮನೇಲಿ ಹಳೇ ಲ್ಯಾಪ್‌ಟಾಪ್ ಇದೆ, ಅದನ್ನೇ ಇಡಲಾ?

ಲ್ಯಾಪ್‌ಟಾಪ್ ಬೇಡ. ಬಿಸಿಲಿಗೆ ಕಾದ ಕಾರಿನಲ್ಲಿ ಅದರ ಲಿಥಿಯಂ ಬ್ಯಾಟರಿ ಅಪಾಯ. ಪವರ್ ಬ್ಯಾಂಕಿಗೂ ಇದೇ ಮಾತು.

ಹೆಚ್ಚಿನವರಿಗೆ ರಾಸ್‌ಬೆರಿ ಪೈ 4 ಅನ್ನುವ, ಅಂಗೈಯಷ್ಟಿರುವ ಒಂದೇ ಬೋರ್ಡಿನ ಕಂಪ್ಯೂಟರ್ ಸಾಕು. ಅದಕ್ಕೆ 5 ವೋಲ್ಟ್, 3 ಆಂಪಿಯರ್ ಬೇಕು. ಪೈ 5 ಚುರುಕು, ಆದರೆ ಅದರದ್ದು 5 ಆಂಪಿಯರ್ ಹಸಿವು. ಫೋನಿನ ನಕ್ಷೆ, ಹಾಡುಗಳನ್ನು ಕಾರಿನಲ್ಲಿ ತೋರಿಸುವ ಆಂಡ್ರಾಯ್ಡ್ ಆಟೋ ಪರದೆಗೆ ಬರಬೇಕಾದರೆ ಓಪನ್‌ಆಟೋ ಅನ್ನುವ ಮುಕ್ತ ಸಾಫ್ಟ್‌ವೇರ್ ಇದೆ. ಅದರ ಮೇಲೆ ಕಟ್ಟಿದ ಕ್ರ್ಯಾಂಕ್‌ಶಾಫ್ಟ್ ಕೂಡ ಇದೆ. ಇವು ಗೂಗಲ್ ಕೊಟ್ಟವಲ್ಲ, ಹಾಗಾಗಿ ಫೋನ್ ಅಪ್‌ಡೇಟ್ ಆದಾಗ ಒಮ್ಮೊಮ್ಮೆ ಹೊಂದಾಣಿಕೆ ತಪ್ಪಬಹುದು. ದೊಡ್ಡ ಪಿಸಿಯೇ ಬೇಕು ಅನ್ನುವವರಿಗೆ ಎಂ4-ಎಟಿಎಕ್ಸ್ ಥರದ ಕಾರಿನ ಪವರ್ ಸಪ್ಲೈ ಸಿಗುತ್ತದೆ, 6ರಿಂದ 30 ವೋಲ್ಟಿನ ತನಕ ಏನು ಬಂದರೂ ತಡೆದುಕೊಳ್ಳುತ್ತದೆ.

ಫೋನ್ ಚಾರ್ಜರಿಂದ ಕರೆಂಟ್ ಕೊಟ್ಟೆ. ಸೆಲ್ಫ್ ಹೊಡೆದಾಗೆಲ್ಲ ಕಂಪ್ಯೂಟರ್ ಆಫ್ ಆಗಿ ಆನ್ ಆಗ್ತದೆ, ಯಾಕೆ?

ಕಾರಿನ 12 ವೋಲ್ಟ್ ಅನ್ನುವುದು ಹೆಸರಿಗೆ ಮಾತ್ರ. ತುಂಬಿದ ಬ್ಯಾಟರಿ ಸುಮ್ನೆ ಇದ್ದಾಗ 12.6 ಇರುತ್ತದೆ. ಎಂಜಿನ್ ಓಡುವಾಗ ಬ್ಯಾಟರಿ ತುಂಬಿಸುವ ಆಲ್ಟರ್ನೇಟರ್ ಅದನ್ನು 13.8ರಿಂದ 14.4ಕ್ಕೆ ಏರಿಸುತ್ತದೆ. ಸೆಲ್ಫ್ ಹೊಡೆದ ಕ್ಷಣ 9-10 ವೋಲ್ಟಿಗೆ ಕುಸಿಯುತ್ತದೆ, ಬ್ಯಾಟರಿ ಹಳೆಯದಾದರೆ ಇನ್ನೂ ಕೆಳಗೆ. ಇದರ ಮೇಲೆ, ಲೈಟರ್ ಸಾಕೆಟ್ಟಿಗೆ ಬರುವ ಎಸಿಸಿ ಲೈನನ್ನು (ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಬರುವ ವೈರ್) ಬಹಳ ಕಾರುಗಳು ಸೆಲ್ಫ್ ಹೊಡೆಯುವಾಗ ಪೂರ್ತಿ ಕಡಿದೇಬಿಡುತ್ತವೆ. ನಿಮ್ಮ ಕಂಪ್ಯೂಟರ್ ಆರಿಹೋಗುವುದು ಅದಕ್ಕೇ.

ದಾರಿ ಇದು. ಸದಾ ಕರೆಂಟ್ ಇರುವ ಬ್ಯಾಟರಿ ಲೈನಿನಿಂದ ಒಂದು ವೈರ್ ತನ್ನಿ. ಅಂಗಡಿಯಲ್ಲಿ ಕೊಂಡು ಹಾಕಿಸುವ ಸ್ಟೀರಿಯೋಗಳ ಹಿಂದಿನ ವೈರುಗಳಲ್ಲಿ, ರೂಢಿಯಂತೆ, ಹಳದಿ ಅಂದರೆ ಸದಾ ಕರೆಂಟ್, ಕೆಂಪು ಅಂದರೆ ಎಸಿಸಿ, ಕಪ್ಪು ಅರ್ತ್. ಕಾರಿನ ಮೂಲ ವೈರಿಂಗಿನಲ್ಲಿ ಬಣ್ಣ ಬೇರೆ ಇರುತ್ತದೆ, ಆದ್ದರಿಂದ ಅಳೆದು ನೋಡದೆ ಜೋಡಿಸಬೇಡಿ. ಆ ವೈರಿಗೆ ಫ್ಯೂಸ್, ಆಮೇಲೆ ಕಾರಿಗೆಂದೇ ಮಾಡಿದ ಒಳ್ಳೆಯ ಬಕ್ ಕನ್ವರ್ಟರ್ (ಬ್ಯಾಟರಿಯ ವೋಲ್ಟೇಜನ್ನು 5 ವೋಲ್ಟಿಗೆ ಇಳಿಸಿ ಕೊಡುವಂಥದ್ದು), ಆಮೇಲೆ ಕಂಪ್ಯೂಟರ್. ಕನ್ವರ್ಟರ್ 8 ವೋಲ್ಟಿನಲ್ಲೂ ಕೆಲಸ ಮಾಡಬೇಕು, ಮೇಲೆ 30 ವೋಲ್ಟಿನ ತನಕ ತಾಳಬೇಕು. ಆಲ್ಟರ್ನೇಟರ್ ಇರುವ ಕಡೆ ವೋಲ್ಟೇಜ್ ಕ್ಷಣಮಾತ್ರ ಜಿಗಿಯುವುದು ಮಾಮೂಲಿ.

ಫ್ಯೂಸ್ ಬಗ್ಗೆ: ಪೈ ಮತ್ತು 7 ಇಂಚಿನ ಪರದೆ ಸೇರಿ ಸುಮಾರು 10 ವ್ಯಾಟ್, ಅಂದರೆ 1 ಆಂಪಿಯರಿಗಿಂತ ಕಡಿಮೆ. 3 ಆಂಪಿಯರ್ ಫ್ಯೂಸ್ ಸಾಕು. ಅದು ಕರೆಂಟ್ ತೆಗೆದ ಜಾಗದ ಹತ್ತಿರ ಇರಬೇಕು, ಕಂಪ್ಯೂಟರ್ ಹತ್ತಿರ ಅಲ್ಲ. ಫ್ಯೂಸ್ ಇರುವುದೇ ವೈರ್ ಹೊತ್ತಿಕೊಳ್ಳದಿರಲಿ ಅಂತ. ಫ್ಯೂಸ್ ಪದೇ ಪದೇ ಹೋಗುತ್ತದೆ ಅಂತ ದೊಡ್ಡದು ಹಾಕುವುದು ಬೆಂಕಿಗೆ ಬಾಗಿಲು ತೆರೆದ ಹಾಗೆ.

ಕೀ ತೆಗೆದ ಕೂಡಲೇ ಕರೆಂಟ್ ಹೋದ್ರೆ ಮೆಮೊರಿ ಕಾರ್ಡ್ ಹಾಳಾಗಲ್ವಾ?

ಹಾಳಾಗಬಹುದು. ಬರೆಯುತ್ತಿರುವಾಗ ಕರೆಂಟ್ ಹೋದರೆ ಕಾರ್ಡಿನ ಫೈಲುಗಳು ಕೆಡುತ್ತವೆ. ಎಸಿಸಿ ಲೈನನ್ನು ಕರೆಂಟಿಗೆ ಬಳಸದೆ ಸನ್ನೆಗೆ ಮಾತ್ರ ಬಳಸಿ. ಎಸಿಸಿ ಹೋಯಿತು ಅಂತ ಪೈಗೆ ತಿಳಿದರೆ ಅದು ತಾನಾಗಿ ಶಟ್‌ಡೌನ್ ಆಗುತ್ತದೆ, ಒಂದು ನಿಮಿಷದ ನಂತರ ಟೈಮರ್ ರಿಲೇ ಕರೆಂಟ್ ಕಡಿಯುತ್ತದೆ. ಆದರೆ ಪೈಯ ಪಿನ್ ತಾಳುವುದು 3.3 ವೋಲ್ಟ್ ಮಾತ್ರ. 12 ವೋಲ್ಟ್ ನೇರವಾಗಿ ಕೊಟ್ಟರೆ ಬೋರ್ಡು ಅಲ್ಲೇ ಸತ್ತಿತು. ಮಧ್ಯೆ ಪಿಸಿ817 ಥರದ ಆಪ್ಟೋಕಪ್ಲರ್ ಹಾಕಿ. ಒಳಗಿನ ಪುಟ್ಟ ದೀಪದ ಬೆಳಕಿನಿಂದಲೇ ಸನ್ನೆ ದಾಟಿಸುವ ಚಿಪ್ ಅದು, 12 ವೋಲ್ಟ್ ಆಚೆ ಹೋಗುವುದಿಲ್ಲ. ಅದರ ದೀಪದ ಕಡೆ 2.2 ಕಿಲೋ ಓಮ್ ರೆಸಿಸ್ಟರ್ ಇರಲಿ.

ಜೊತೆಗೆ, ಎಲ್ಲ ಒಂದು ಹದಕ್ಕೆ ಬಂದ ಮೇಲೆ ಪೈಯ ಸೆಟ್ಟಿಂಗಿನಲ್ಲಿ ಓವರ್‌ಲೇ ಫೈಲ್ ಸಿಸ್ಟಂ ಆನ್ ಮಾಡಿ. ಆಗ ಕಾರ್ಡಿಗೆ ಬರೆಯುವುದೇ ನಿಲ್ಲುತ್ತದೆ. ದಾಖಲೆಗಳಿಗೆ ಬೇರೆ ಪೆನ್‌ಡ್ರೈವ್ ಇಡಿ.

ಊರಿಗೆ ಹೋದಾಗ ಕಾರು ವಾರಗಟ್ಟಲೆ ನಿಂತಿರ್ತದೆ. ಬ್ಯಾಟರಿ ಇಳಿಯಲ್ವಾ?

ಲೆಕ್ಕ ಹಾಕೋಣ. ಪೈ ಒಂದೇ ಸುಮ್ನೆ ಆನ್ ಇದ್ದರೂ ಕನ್ವರ್ಟರಿನ ನಷ್ಟ ಸೇರಿ 12 ವೋಲ್ಟಿನಲ್ಲಿ ಸುಮಾರು 0.3 ಆಂಪಿಯರ್. ದಿನಕ್ಕೆ 7 ಆಂಪಿಯರ್-ಅವರ್. ಚಿಕ್ಕ ಪೆಟ್ರೋಲ್ ಕಾರಿನ 35 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಅರ್ಧ ಖಾಲಿಯಾದರೆ ಸೆಲ್ಫ್ ಮೇಲೆ ಭರವಸೆ ಇಡುವಂತಿಲ್ಲ. ಎರಡೂವರೆ ದಿನಕ್ಕೆ ಅಷ್ಟು ಮುಗಿಯುತ್ತದೆ. ಅದಕ್ಕೇ ಮೇಲೆ ಹೇಳಿದ ಟೈಮರ್ ರಿಲೇ ಬಿಡುವಂತಿಲ್ಲ. ಶಟ್‌ಡೌನ್ ಆದ ಪೈ ಕೂಡ ಕರೆಂಟ್ ಕಡಿಯುವ ತನಕ ಸ್ವಲ್ಪ ಎಳೆಯುತ್ತಲೇ ಇರುತ್ತದೆ.

ಸೀಟಿನ ಕೆಳಗೆ ಇಟ್ರೆ ಯಾರಿಗೂ ಕಾಣಲ್ಲ ಅಲ್ವಾ?

ಕಾಣುವುದಿಲ್ಲ. ಆದರೆ ಮುಂಬೈಯವರು ಹಾಗೆ ಮಾಡಲೇಬೇಡಿ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿದ್ದದ್ದು ಬಿಡಿ, ಮಾಮೂಲಿ ಜುಲೈಯಲ್ಲೂ ತಗ್ಗಿನ ರಸ್ತೆಗಳಲ್ಲಿ ಬಾಗಿಲಿನ ತಳದ ತನಕ ನೀರು ಬರುತ್ತದೆ. ಕಾರ್ಪೆಟ್ಟಿನ ಕೆಳಗೆ ಸೇರಿದ ನೀರು ದಿನಗಟ್ಟಲೆ ಒಣಗುವುದಿಲ್ಲ.

ಡ್ಯಾಶ್‌ಬೋರ್ಡಿನ ಮೇಲೆ ಗಾಜಿನ ಕೆಳಗೂ ಬೇಡ. ಪೈಯ ಸುತ್ತಲಿನ ಗಾಳಿ 50 ಡಿಗ್ರಿ ಮೀರಬಾರದು. ಬೇಸಿಗೆಯ ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಅದನ್ನು ಸುಲಭವಾಗಿ ದಾಟುತ್ತದೆ. ಚಿಪ್ 80 ಡಿಗ್ರಿ ಮುಟ್ಟಿದರೆ ತಾನೇ ನಿಧಾನವಾಗುತ್ತದೆ. ಗ್ಲೋವ್ ಬಾಕ್ಸಿನ ಹಿಂದಿನ ಜಾಗ ನನ್ನ ಆಯ್ಕೆ. ಅಲ್ಲಿ ಬಿಸಿಲು ಬೀಳುವುದಿಲ್ಲ, ನೀರು ಮುಟ್ಟುವುದಿಲ್ಲ. ಬ್ಲೋವರಿನ ಗಾಳಿ ಆಡುವಂತೆ ಸ್ವಲ್ಪ ಸಂದು ಬಿಡಿ.

ಕ್ಯಾಮೆರಾ ಚಿತ್ರ ಕಂಪ್ಯೂಟರಿಗೇ ಕೊಟ್ರೆ ರೆಕಾರ್ಡೂ ಆಗ್ತದೆ, ಗೆರೆನೂ ನಮಗೆ ಬೇಕಾದಂತೆ ಎಳೀಬಹುದು. ಅದೇ ಒಳ್ಳೇದಲ್ವಾ?

ಈ ಒಂದು ವಿಷಯದಲ್ಲಿ ಮಾತ್ರ ನಾನು ಹಟ ಹಿಡಿಯುತ್ತೇನೆ. ಬೇಡ.

ಸೊಸೈಟಿಯಲ್ಲಿ ಕಾರು ಹೇಗೆ ನಿಲ್ಲಿಸುತ್ತೇವೆ? ಬಹುತೇಕ ಮೂತಿ ಗೋಡೆಗೆ. ಬೆಳಿಗ್ಗೆ ಕೂತು ಕೀ ತಿರುಗಿಸಿ ಹಾಕುವ ಮೊದಲ ಗೇರೇ ರಿವರ್ಸ್. ಪೈ ಶುರುವಾಗಿ ಕೆಲಸಕ್ಕೆ ಸಿದ್ಧವಾಗಲು 20-30 ಸೆಕೆಂಡು ಬೇಕು. ಅಂದರೆ ಶಾಲೆ ಬಸ್ಸಿಗೆ ಓಡುವ ಮಕ್ಕಳು ಹಿಂದೆ ಇರಬಹುದಾದ ಆ ಹೊತ್ತಿನಲ್ಲೇ ಪರದೆ ಖಾಲಿ. ಅಮೆರಿಕದಲ್ಲಿ 2018ರ ಮೇ 1ರಿಂದ ಹೊಸ ಕಾರುಗಳಿಗೆ ಹಿಂದಿನ ಕ್ಯಾಮೆರಾ ಕಡ್ಡಾಯ. ರಿವರ್ಸ್ ಹಾಕಿದ 2 ಸೆಕೆಂಡಿನೊಳಗೆ ಚಿತ್ರ ಬರಬೇಕು ಅಂತ ಆ ನಿಯಮ ಹೇಳುತ್ತದೆ. ನಾವೂ ಅದೇ ಅಳತೆ ಇಟ್ಟುಕೊಳ್ಳೋಣ.

ಇನ್ನೊಂದು, ತಡ. ಕ್ಯಾಮೆರಾದ ಸಿಗ್ನಲನ್ನು ಕಂಪ್ಯೂಟರಿಗೆ ಸೇರಿಸುವ ಯುಎಸ್‌ಬಿ ಕ್ಯಾಪ್ಚರ್ ಡಬ್ಬಿಯಿಂದ ಬಂದ ಚಿತ್ರ ಪರದೆಗೆ ಮುಟ್ಟಲು ಕಾಲು ಸೆಕೆಂಡು ತಡವಾದರೂ, ಗಂಟೆಗೆ 5 ಕಿಲೋಮೀಟರಿನಲ್ಲಿ ಹಿಂದೆ ಹೋಗುವ ಕಾರು ಅಷ್ಟರಲ್ಲಿ 35 ಸೆಂಟಿಮೀಟರ್ ಸರಿದಿರುತ್ತದೆ. ನೀವು ನೋಡುತ್ತಿರುವುದು ಆಗಲೇ ಹಳೆಯದಾದ ಚಿತ್ರ.

ಹಾಗಾದರೆ ಏನು ಮಾಡೋದು? ಎಚ್‌ಡಿಎಂಐ (ಕಂಪ್ಯೂಟರಿನ ಚಿತ್ರ ಬರುವ ಸಾಕೆಟ್) ಮತ್ತು ಎವಿ (ಕ್ಯಾಮೆರಾದ ಹಳದಿ ತುದಿ ಸಿಕ್ಕಿಸುವ ಸಾಕೆಟ್) ಎರಡೂ ಇರುವ 7 ಇಂಚಿನ ಪರದೆ ತನ್ನಿ. ಕಂಪ್ಯೂಟರ್ ಎಚ್‌ಡಿಎಂಐಗೆ, ಕ್ಯಾಮೆರಾ ನೇರ ಎವಿಗೆ. ರಿವರ್ಸ್ ವೈರಿಗೆ ಕರೆಂಟ್ ಬಂದ ಕೂಡಲೇ ಪರದೆ ತಾನೇ ಕ್ಯಾಮೆರಾಕ್ಕೆ ತಿರುಗುವ ಮಾಡೆಲ್ ಇರಬೇಕು. ಎಲ್ಲಾ ಮಾಡೆಲ್‌ಗಳಲ್ಲಿ ಇದು ಇರುವುದಿಲ್ಲ, ಅಂಗಡಿಯಲ್ಲೇ ಬ್ಯಾಟರಿ ಹಚ್ಚಿ ತೋರಿಸಿ ಅನ್ನಿ. ಆಮೇಲೆ ಒಂದು ಪರೀಕ್ಷೆ: ಪರದೆಯ ಕರೆಂಟ್ ಹಾಗೇ ಇಟ್ಟು, ಕಂಪ್ಯೂಟರಿನ ಕರೆಂಟಿನ ವೈರ್ ಮಾತ್ರ ಕಿತ್ತು ರಿವರ್ಸ್ ಹಾಕಿ. ಚಿತ್ರ ಬಂದರೆ ಕೆಲಸ ಸರಿಯಾಗಿದೆ. ರೆಕಾರ್ಡಿಂಗ್ ಬೇಕಿದ್ದರೆ ಅದಕ್ಕೆ ಬೇರೆ ಕ್ಯಾಮೆರಾ ಹಾಕಿ.

## ಕೈ ಪಳಗಿದ ಮೇಲೆ

ಎಂಜಿನ್ ಶುರುವಾದ್ರೆ ಚಿತ್ರದಲ್ಲಿ ಗೆರೆ ಹರೀತದೆ, ಸ್ಪೀಕರಲ್ಲಿ ಕುಂಯ್ ಅಂತದೆ.

ಆಕ್ಸಿಲರೇಟರ್ ಒತ್ತಿದಂತೆ ಸದ್ದು ಏರಿದರೆ ಅದು ಆಲ್ಟರ್ನೇಟರಿನದ್ದು. ಕಂಪ್ಯೂಟರ್, ಪರದೆ, ಆಂಪ್ಲಿಫೈಯರ್ ಮೂರಕ್ಕೂ ಬೇರೆ ಬೇರೆ ಕಡೆ ಅರ್ತ್ ಕೊಟ್ಟಿರುತ್ತೀರಿ. ಮೂರನ್ನೂ ಒಂದೇ ಬೋಲ್ಟಿಗೆ ತನ್ನಿ. ಆಮೇಲೂ ಉಳಿದರೆ ಆಡಿಯೋ ಕೇಬಲ್ಲಿಗೆ, ಅರ್ತಿನ ದಾರಿಯಿಂದ ಬರುವ ಸದ್ದು ತಡೆಯುವ ಗ್ರೌಂಡ್ ಲೂಪ್ ಐಸೋಲೇಟರ್ ಹಾಕಿ. ಚಿತ್ರ ಮಿಣುಕುತ್ತಿದ್ದರೆ ರಿವರ್ಸ್ ಲೈಟಿಗೆ ಬರುವ ಕರೆಂಟ್ ಬಿಟ್ಟು ಬಿಟ್ಟು ಬರುತ್ತಿರಬಹುದು, ಕೆಲವು ಯುರೋಪಿನ ಕಾರುಗಳಲ್ಲಿ ಹೀಗಿದೆ. ಅಂಥ ಗಾಡಿಗೆಂದೇ ಸಿಗುವ ಫಿಲ್ಟರ್ ಹಾಕಿದರೆ ನಿಲ್ಲುತ್ತದೆ.

ಓಬಿಡಿ ಸಾಕೆಟ್ಟಿಗೆ ಪೈ ಜೋಡಿಸಿದ್ರೆ ಕಾರಿಗೆ ಏನಾದ್ರೂ ಆಗ್ತದಾ?

ಓಬಿಡಿ ಅಂದರೆ ಮೆಕ್ಯಾನಿಕ್ಕುಗಳು ಕಾರಿನ ದೋಷ ನೋಡಲು ಯಂತ್ರ ಸಿಕ್ಕಿಸುವ ಸಾಕೆಟ್. ಅದರಿಂದ ಮಾಹಿತಿ ಓದುವುದರಿಂದ ಏನೂ ಆಗುವುದಿಲ್ಲ. ಇಎಲ್‌ಎಂ327 ಅಡಾಪ್ಟರ್ ಸಿಕ್ಕಿಸಿ ಎಂಜಿನ್ ಬಿಸಿ, ವೇಗ, ದೋಷದ ಕೋಡ್ ಓದಬಹುದು. ಅದರ ಮೂಲಕ ಕಾರಿಗೆ ಏನನ್ನೂ ಬರೆಯಲು ಹೋಗಬೇಡಿ. ಬ್ರೇಕು, ಏರ್‌ಬ್ಯಾಗಿನ ಸಂದೇಶಗಳು ಅದೇ ಜಾಲದಲ್ಲಿ ಓಡಾಡುತ್ತಿರಬಹುದು. ಆ ಸಾಕೆಟ್ಟಿನ 16ನೇ ಪಿನ್ನಿನಲ್ಲಿ ಕೀ ತೆಗೆದರೂ ಬ್ಯಾಟರಿ ಕರೆಂಟ್ ಇರುತ್ತದೆ. ಕಾರು ಬಹಳ ದಿನ ನಿಲ್ಲುವುದಿದ್ದರೆ ಅಡಾಪ್ಟರ್ ಕಿತ್ತಿಡಿ.

ಚೋರ್ಲಾ ಘಾಟಿನಲ್ಲಿ ನೆಟ್ ಹೋದ್ರೆ ನಕ್ಷೆ ನಿಲ್ತದೆ, ಟೈಮೂ ತಪ್ಪು ತೋರಿಸ್ತದೆ.

ಜಿಪಿಎಸ್‌ಗೆ ನೆಟ್ ಬೇಡ, ನಕ್ಷೆಯ ಚಿತ್ರಕ್ಕೆ ಬೇಕು. ಯುಎಸ್‌ಬಿ ಜಿಪಿಎಸ್ ರಿಸೀವರ್ ಒಂದು ತನ್ನಿ. ನ್ಯಾವಿಟ್ ಥರದ ದಾರಿ ತೋರಿಸುವ ಸಾಫ್ಟ್‌ವೇರಿಗೆ ಓಪನ್‌ಸ್ಟ್ರೀಟ್‌ಮ್ಯಾಪ್ ಅನ್ನುವ ಮುಕ್ತ ನಕ್ಷೆಯಿಂದ ಮಹಾರಾಷ್ಟ್ರ, ಗೋವಾ, ಕರ್ನಾಟಕದ ನಕ್ಷೆ ಮೊದಲೇ ಇಳಿಸಿಕೊಳ್ಳಿ. ಟೈಮ್ ತಪ್ಪುವುದಕ್ಕೆ ಕಾರಣ, ಪೈ 4ರಲ್ಲಿ ಗಡಿಯಾರದ ಬ್ಯಾಟರಿ ಇಲ್ಲ. ಡಿಎಸ್3231 ಅನ್ನುವ ಪುಟ್ಟ ಗಡಿಯಾರದ ಬೋರ್ಡ್ ಸೇರಿಸಿದರೆ ಸರಿಹೋಗುತ್ತದೆ.

ಇಲಿ ವೈರ್ ಕಡಿದು ಹಾಕಿವೆ ಮಾರಾಯ್ರೆ, ಎಂತ ಮಾಡುದು?

ಮಳೆಗಾಲದಲ್ಲಿ ಇದು ಎಲ್ಲ ಕಡೆ ಇರುವ ಗೋಳು. ಬಾನೆಟ್ಟಿನ ಒಳಗೆ ಹಾಯುವ ವೈರಿಗೆ ಸುಕ್ಕುಸುಕ್ಕಿನ ಪ್ಲಾಸ್ಟಿಕ್ ಕೊಳವೆ ತೊಡಿಸಿ, ಮೇಲೆ ಬಟ್ಟೆಯ ವೈರಿಂಗ್ ಟೇಪ್ ಸುತ್ತಿ. ಕಡಿದ ವೈರನ್ನು ಸುಮ್ನೆ ತಿರುಚಿ ಟೇಪ್ ಹಚ್ಚಬೇಡಿ. ಬೆಸುಗೆ ಹಾಕಿ, ಹೀಟ್ ಶ್ರಿಂಕ್ (ಬಿಸಿ ಮಾಡಿದರೆ ಕುಗ್ಗಿ ಬಿಗಿಯಾಗುವ ಕೊಳವೆ) ಏರಿಸಿ. ಕಾರಿನೊಳಗೆ ತಿಂಡಿಯ ಚೂರು ಉಳಿಯದಂತೆಯೂ ನೋಡಿಕೊಳ್ಳಿ.

ನಮ್ಮದು ಎಲೆಕ್ಟ್ರಿಕ್ ಕಾರು. ಇದೇ ವಿಧಾನ ನಡೀತದಾ?

ಬಹುಪಾಲು ನಡೆಯುತ್ತದೆ. ಎಲೆಕ್ಟ್ರಿಕ್ ಕಾರಿನಲ್ಲೂ ಲೈಟು, ಸ್ಟೀರಿಯೋಗಳಿಗೆ 12 ವೋಲ್ಟಿನ ಬೇರೆ ಬ್ಯಾಟರಿ ಇರುತ್ತದೆ. ಸೆಲ್ಫ್ ಇಲ್ಲದ್ದರಿಂದ ವೋಲ್ಟೇಜ್ ಕುಸಿಯುವ ತೊಂದರೆ ಇಲ್ಲ. ಆದರೆ ಆ ಬ್ಯಾಟರಿ ಚಿಕ್ಕದಿರುತ್ತದೆ, ಅದು ಇಳಿದರೆ ದೊಡ್ಡ ಬ್ಯಾಟರಿ ತುಂಬಿದ್ದರೂ ಕಾರು ಏಳುವುದಿಲ್ಲ. ಟೈಮರ್ ರಿಲೇ ಇಲ್ಲೂ ಬೇಕು. ಕಿತ್ತಳೆ ಬಣ್ಣದ ದಪ್ಪ ಕೇಬಲ್ ಎಲ್ಲೇ ಕಂಡರೂ ಕೈ ಹಿಂದಕ್ಕೆ ತೊಗೊಳ್ಳಿ. ಅದರಲ್ಲಿ ಜೀವ ತೆಗೆಯುವಷ್ಟು ವೋಲ್ಟೇಜ್ ಇರುತ್ತದೆ. ಅದರ ಹತ್ತಿರ ವೈರ್ ಎಳೆಯಬೇಕಾಗಿ ಬಂದರೆ ಆ ಭಾಗದ ಕೆಲಸ ಕಂಪನಿಯ ಸರ್ವಿಸ್ ಸೆಂಟರಿಗೇ ಬಿಡಿ.